ಗೂಡಿಗೆ ಹೇಳಿದ ಒಡಪು

ಒಂದು ಮಾತು ಯಾವ ಬೀದಿ, ಯಾವ ಮನೆಯಲ್ಲಿದೆ ಎಂದು ಕೇಳುವ ಕಾಲ ಮುಗಿದಿತ್ತು. ಬೇಕಾದ ಮಾತಿನ ಹೆಸರನ್ನು ಮನೆಯ ಗೋಡೆಯಲ್ಲಿದ್ದ, ಮಾತು ಕೂಡಿಡುವ ಗೂಡಿಗೆ ಹೇಳಿದರೆ, ಹತ್ತಿರದ ಯಾವ ಗೂಡಿನಲ್ಲಿ ನಕಲಿದ್ದರೂ ಅದು ಬಂದು ಕೇಳಿಸುತ್ತಿತ್ತು. ಅದು ಹಾದುಬಂದ ದಾರಿಯ ಗೂಡುಗಳೂ ಒಂದೊಂದು ನಕಲು ಇಟ್ಟುಕೊಳ್ಳುತ್ತಿದ್ದವು.

ಹಾಲಮ್ಮ ಗಂಡನೊಡನೆ ಮಾತು ಬಿಟ್ಟು ಮೂರು ದಿನ. ಮದುವೆಗೆ ಹೋದವನು ಹೆಂಡತಿಯನ್ನು ಛತ್ರದಲ್ಲೇ ಮರೆತು ಬಂದಿದ್ದ. ಗೂಡಿಗಾದರೂ ಏನಾದರೂ ಹೇಳಿಟ್ಟಿರಬಹುದೆಂದು, "ನಮ್ಮನೆಯವರ ತಪ್ಪೊಪ್ಪಿಗೆ," ಎಂದು ನಡುಮನೆಯ ಗೂಡನ್ನು ಕೇಳಿದಳು.

"ನಿನ್ನ ರೇಷ್ಮೆ ಸೀರೇಲಿ ಬೈಕ್ ಒರೆಸಿದ್ದು ತಪ್ಪಾಯ್ತು," ಎಂದಿತು ಗೂಡು, ಪಕ್ಕದ ಮನೆಯಾತನ ದನಿಯಲ್ಲಿ. ಬೀದಿಯ ಹೆಂಗಸರೆಲ್ಲ ಗಂಡನನ್ನು 'ನಮ್ಮನೆಯವರು' ಎನ್ನುವವರೇ.

ಇನ್ನು ಹೆಸರು ಹೇಳದೆ ಗತಿಯಿರಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಾದರೆ ಪ್ರಾಸ ಕೂಡಿಸಿ ಒಡಪು ಕಟ್ಟಿಯೇ ಹೇಳಬೇಕು, ಮದುವೆಯ ದಿನ ಹೇಳಿದ ಹಾಗೆ. ಸೆರಗು ಸರಿಮಾಡಿಕೊಂಡಳು.

"ಚಪ್ಪಲಿ ಮರೀಲಿಲ್ಲ, ಹೆಂಡ್ತೀನ ಮರೆತ್ರಪ್ಪ, ಛತ್ರದಲ್ಲಿ ಬಿಟ್ಟು ಬಂದ್ರು ನಮ್ಮ ಕೊಟ್ರೇಶಪ್ಪ. ಅವರ ತಪ್ಪೊಪ್ಪಿಗೆ ಬೇಕು."

ಅದರ ನಕಲು ಯಾರ ಗೂಡಿನಲ್ಲೂ ಇರಲಿಲ್ಲ. ಅದನ್ನು ಹುಡುಕುತ್ತ ಒಡಪು ಮನೆಮನೆಯ ಗೂಡಿನಲ್ಲೂ ಕೂಗಿ ಊರು ಸುತ್ತಿ, ಕೊನೆಗೆ ಅವಳದೇ ಅಡುಗೆಮನೆಯ ಗೂಡಿಗೆ ಬಂತು. ಅಲ್ಲಿ ಕೊಟ್ರೇಶಪ್ಪ ಉಪ್ಪಿಟ್ಟು ಕೆದಕುತ್ತಿದ್ದ.

"ತಪ್ಪಾಯ್ತು ಕಣೆ," ಎನ್ನುತ್ತ ಸೌಟು ಹಿಡಿದೇ ಹೊರಬಂದ. "ಊರಿಗೆಲ್ಲ ಡಂಗುರ ಸಾರಿದ್ಯಲ್ಲೇ."

"ಗೂಡಿನ ಹತ್ರ ಬಂದು ಇನ್ನೊಂದ್ಸಲ ಹೇಳ್ರಿ," ಎಂದಳು ಹಾಲಮ್ಮ. "ಬೀದಿ ತುಂಬ ನಕಲಿದ್ರೆ ಮುಂದಿನ ಸಲ ಬೇಗ ಸಿಗ್ತದೆ."