ಹನ್ನೊಂದು ಗಂಟೆಯ ಸಂಸಾರ

"ಹನ್ನೊಂದು ಗಂಟೆ ವಿಡಿಯೊ ಇದರೊಳಗೆ ಹಿಡಿಸಲ್ಲ ತಮ್ಮ," ಎಂದಳು ಪಾಸಿತಾ, ಹೆರ್ನಾನಿಯ ಪುಟ್ಟ ಪ್ಲೇಯರನ್ನು ಅಂಗೈಯಲ್ಲಿ ತೂಗಿ ನೋಡುತ್ತ. "ಹಿಂಡಿ ಹಿಂಡಿ ತುಂಬಬಹುದು. ಆಮೇಲೆ ನಿನ್ನ ಮಗಳ ಮೂಗ್ಯಾವುದು, ಕೇಕ್ ಯಾವುದು ಅಂತ ಗೊತ್ತಾಗಲ್ಲ. ಮುಖ ಮುಖದ ಹಾಗೆ ಕಾಣ್ಬೇಕು ಅಂದ್ರೆ ಮೂರೇ ಗಂಟೆ. ಯಾವ ಮೂರು ಅಂತ ಗಂಡ ಹೆಂಡ್ತಿ ನೀವೇ ಹೇಳಿ."

ಇಲೊಯ್ಲೊ ಪೇಟೆಯಿಂದ ಹಡಗಿಗೆ ಹೊರಟವರು ಪಾಸಿತಾಳ ಅಂಗಡಿ ಮೆಟ್ಟದೆ ಹೋಗುವುದಿಲ್ಲ. ಮನೆಯಲ್ಲಿ ತೆಗೆದ ವಿಡಿಯೊ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ, ಕುಗ್ಗಿಸಿ, ಬೆಂಕಿಪೊಟ್ಟಣದಷ್ಟು ಪರದೆಯ ಪ್ಲೇಯರಿಗೆ ತುಂಬಿಕೊಡುವುದು ಅವಳ ಕಸುಬು. ಹೆರ್ನಾನಿ ಸರಕುಹಡಗಿನ ಅಡುಗೆಯವನು. ನಾಳೆ ಬೆಳಿಗ್ಗೆ ಹೊರಟನೆಂದರೆ ಹತ್ತು ತಿಂಗಳು ನೀರಿನ ಮೇಲೆ. ನಡುಗಡಲಿನಲ್ಲಿ ಫೋನೂ ಸಿಗದು.

ಯಾವ ಮೂರು ಗಂಟೆ ಎನ್ನುವುದನ್ನು ಅವನ ಹೆಂಡತಿ ನೆನಿತಾ ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದಳು. ಮಗಳು ಜೋಯ್ಲಿನಳ ನಾಲ್ಕು ಹುಟ್ಟುಹಬ್ಬ, ಶಾಲೆಯ ಕುಣಿತ, ಕ್ರಿಸ್‌ಮಸ್ ಊಟ. ಒಂದಕ್ಕೂ ಅವನು ಊರಲ್ಲಿರಲಿಲ್ಲ, ಅವನಿಗೆಂದೇ ಹಿಡಿದದ್ದು. ಅತ್ತೆಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ನೆರೆಯವರನ್ನು ಸಾಲಾಗಿ ನಿಲ್ಲಿಸಿ, "ಅಪ್ಪಾ, ಬೇಗ ಬಾ" ಎಂದು ಮಗಳಿಂದ ಹೇಳಿಸಿ, ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಹೇಳಿಸಿ ತೆಗೆದದ್ದು.

"ಹುಟ್ಟುಹಬ್ಬ ಬೇಡ," ಎಂದ ಹೆರ್ನಾನಿ.

"ಯಾವ ವರ್ಷದ್ದು?"

"ಯಾವುದೂ ಬೇಡ." ಅವನು ಪಾಸಿತಾಳ ಕಡೆ ತಿರುಗಿದ. "ಅಕ್ಕ, ಆಗಲೇ ಟೇಪು ಇಳಿಸ್ತಿದ್ದಾಗ ಒಂದು ಬಂತಲ್ಲ, ಬರೀ ನೆಲ, ಬಾಗಿಲು ಕಾಣ್ತಿತ್ತು. ಅದು ಎಷ್ಟಿದೆ?"

ಪಾಸಿತಾ ನಕ್ಕಳು. "ಅದಾ? ಕ್ಯಾಮೆರಾ ಆರಿಸೋದು ಮರೆತು ಮೇಜಿನ ಮೇಲಿಟ್ಟು ಹೋಗಿದ್ದಾಳೆ ನಿನ್ನ ಹೆಂಡ್ತಿ. ಟೇಪು ಮುಗಿಯೋವರೆಗೂ ಓಡಿದೆ, ಐವತ್ತು ನಿಮಿಷ. ಅಳಿಸಿ ಹಾಕೋಣ ಅಂತಿದ್ದೆ."

ನೆನಿತಾಳ ಮುಖ ಕೆಂಪಾಯಿತು. ಆ ಟೇಪಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಅರ್ಧ ಬಾಗಿಲು, ಅತ್ತಿಂದಿತ್ತ ಓಡಾಡುವ ಅವಳ ಬರಿಗಾಲು, ಬಾಣಲೆಯಲ್ಲಿ ಮೀನು ಚುರುಗುಟ್ಟುವ ಸದ್ದು, ಚಪ್ಪಲಿ ಕಾಣದೆ ಅಳುವ ಜೋಯ್ಲಿನ್.

"ಅದರಲ್ಲಿ ನಾನು ಹರಕು ಅಂಗಿ ಹಾಕ್ಕೊಂಡು ಪಕ್ಕದ ಮನೆ ಹಂದಿಗೆ ಬೈತಿದ್ದೀನಿ. ಹಡಗಿನವರಿಗೆಲ್ಲ ಅದನ್ನ ತೋರಿಸ್ತೀಯಾ?"

"ಯಾರಿಗೂ ತೋರಿಸಲ್ಲ."

"ಹಾಗಾದ್ರೆ ನಾಲ್ಕು ವರ್ಷ ನಾನು ಹೊಳೇಲಿ ಹುಣಸೆಹಣ್ಣು ಕಿವುಚಿದ್ದಾಯ್ತು. ಹೋದ ಸಲ ತುಂಬಿಸಿಕೊಟ್ಟದ್ದನ್ನ ನೋಡ್ತೀಯಾ ಅಂತ, ನೀನು ಬಂದರಿನಿಂದ ಫೋನ್ ಮಾಡಿದಾಗ ಕೇಳಿದ್ರೆ 'ದಿನಾ ನೋಡ್ತೀನಿ' ಅಂತಿದ್ದೆ."

ಪಾಸಿತಾ ಎದ್ದು ಹೋಗಿ, ಧೂಳಿಲ್ಲದ ಕಪಾಟನ್ನು ಒರೆಸತೊಡಗಿದಳು.

"ಸುಳ್ಳು ಹೇಳಿದ್ದೆ," ಎಂದ ಹೆರ್ನಾನಿ. "ಎರಡು ಸಲ ನೋಡ್ದೆ. ಮೂರನೇ ಸಲ ಆಗ್ಲಿಲ್ಲ. ಪ್ಲೇಯರನ್ನ ಬಟ್ಟೆ ಪೆಟ್ಟಿಗೆ ತಳಕ್ಕೆ ಹಾಕಿಬಿಟ್ಟೆ. ಎಲ್ರೂ ನನ್ನ ಕಡೆ ತಿರುಗಿ ಬಾ ಬಾ ಅಂತಾರೆ, ನೆನಿತಾ. ಅಮ್ಮ ಕಣ್ಣೊರೆಸ್ಕೋತಾಳೆ. ನೋಡಿದಷ್ಟು ಸಲಾನೂ ನಾನು ಅಲ್ಲಿಲ್ಲ ಅನ್ನೋದೇ ಕಾಣುತ್ತೆ. ಅದನ್ನ ನೋಡಿ ಎದ್ದು ಹೋಗಿ ಇಪ್ಪತ್ತೆರಡು ಜನಕ್ಕೆ ಅನ್ನ ಬೇಯಿಸೋಕೆ ಕೈ ಬರಲ್ಲ."

"ಇದರಲ್ಲಿ ಏನಿದೆ ಅಂತ?"

"ಇದರಲ್ಲಿ ಯಾರೂ ನನ್ನ ನೆನೆಸ್ಕೊಳ್ತಿಲ್ಲ. ನಾನು ಒಳಗೆಲ್ಲೋ ಮಲಗಿದ್ದೀನಿ, ಇಲ್ಲಾ ಹಿತ್ತಲಲ್ಲಿ ಸೌದೆ ಒಡೀತಿದ್ದೀನಿ. ಅಷ್ಟೇ ಅನ್ಸುತ್ತೆ."

ಅವನು ಹೋದಾಗಲೆಲ್ಲ ಅವನಿಲ್ಲದ್ದನ್ನೇ ಕಟ್ಟಿ ಕಟ್ಟಿ ಕೊಟ್ಟಿದ್ದಳು ನೆನಿತಾ. ಅದೂ ಎಷ್ಟು ಅಕ್ಕರೆಯಿಂದ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೆ ಅದು ಯಾರ ಮೇಲೆ ಎನ್ನುವುದು ಈಗ ತಿಳಿಯುತ್ತಿರಲಿಲ್ಲ.

"ಅಕ್ಕ," ಎಂದಳು ಕೊನೆಗೆ, "ಆ ಐವತ್ತು ನಿಮಿಷ ಹಾಕಿ. ಹಿಂಡಬೇಡಿ, ಇದ್ದ ಹಾಗೇ ಇರಲಿ. ಹೋದ ವರ್ಷದ ಹುಟ್ಟುಹಬ್ಬ ಒಂದು ಜೊತೇಲಿರಲಿ. ಅಪ್ಪ ತಗೊಂಡು ಹೋದ್ನಾ ಅಂತ ಮಗು ಕೇಳ್ತಾಳೆ, ಅವಳಿಗೆ ಇಲ್ಲ ಅನ್ನೋಕಾಗಲ್ಲ."

"ಮಿಕ್ಕ ಜಾಗ?"

"ಖಾಲಿ ಇರಲಿ ಬಿಡಿ."

ಮುಕ್ಕಾಲು ಗಂಟೆಯ ನಂತರ ಪಾಸಿತಾ ಪ್ಲೇಯರಿಗೆ ಸಣ್ಣ ಸ್ಪೀಕರು ಸಿಕ್ಕಿಸಿ, ಸರಿಯಾಗಿ ಬಂದಿದೆಯೇ ಎಂದು ನೋಡಲು ಮಧ್ಯದಿಂದ ಒಂದಿಷ್ಟು ಓಡಿಸಿದಳು. ಪರದೆಯಲ್ಲಿ ಬಾಗಿಲಿತ್ತು, ಬಿಸಿಲಿತ್ತು, ಯಾರೂ ಇರಲಿಲ್ಲ. ಒಳಗಿನಿಂದ ತಟ್ಟೆ ಹಾಕುವ ಸದ್ದು. ಆಮೇಲೆ ಮನೆಮಂದಿಗೆಲ್ಲ ಕೇಳುವಂತೆ ನೆನಿತಾಳ ದನಿ:

"ಬನ್ರೋ ಊಟಕ್ಕೆ, ಅನ್ನ ಆರ್ತಾ ಇದೆ."

ಕುರ್ಚಿಯಿಂದ ಅರ್ಧ ಎದ್ದಿದ್ದ ಹೆರ್ನಾನಿ, ಪಕ್ಕದಲ್ಲೇ ಕೂತಿದ್ದ ಹೆಂಡತಿಯತ್ತ ನೋಡದೆ, ಪರದೆಗೆ ಮೆಲ್ಲಗೆ ಹೇಳಿದ:

"ಬಂದೆ."