ಬಾರದ ಅಂಗಳ

ಮಳೆಗಾಲದಲ್ಲಿ ಕಡಲತೀರದ ಪ್ರತಿ ಮನೆಯ ಮರಳಿನ ಅಂಗಳವೂ ಅಲೆಯ ಜೊತೆ ಒಂದು ಊರಿನಷ್ಟು ದಕ್ಷಿಣಕ್ಕೆ ಸರಿಯುತ್ತಿತ್ತು; ದೀಪಾವಳಿ ಕಳೆದ ಮೇಲೆ ತಾನಾಗಿ ಮನೆಗೆ ವಾಪಸಾಗುತ್ತಿತ್ತು. ಗುರುತು ತಪ್ಪದಿರಲೆಂದು ಹೆಂಗಸರು ತಮ್ಮ ಒಡೆದ ಬಳೆಯ ಚೂರುಗಳನ್ನು ಅದಕ್ಕೆ ಬೆರೆಸಿ ಕಳಿಸುತ್ತಿದ್ದರು.

ಈ ಸಲ ಲಚ್ಚುವಿನ ಅಂಗಳ ಬರಲೇ ಇಲ್ಲ. ಹುಡುಕಿಕೊಂಡು ದಕ್ಷಿಣದ ಪಕ್ಕದೂರಿಗೆ ಹೋದರೆ, ಪದ್ದ ಮರಕಾಲ ನೀರಿನೊಳಗೆ ಕಲ್ಲಿನ ಕಟ್ಟೆ ಹಾಕಿ ಅದನ್ನು ತನ್ನ ಮನೆಯೆದುರೇ ತಡೆದಿಟ್ಟಿದ್ದ.

“ಪದ್ದಣ್ಣ, ಇದ್ ನನ್ನ ಅಂಗಳ. ನನ್ನ ಬಳೆ ಚೂರ್ ಇತ್ತ್, ಕಾಣಿ.”

“ನಾನ್ ಅಲ್ಲ ಅಂದ್ನಾ ಮಾರಾಯ್ತಿ? ಮೀನ್ ಒಣಗ್ಸುಕೆ ದಿನಾ ಇಲ್ಲಿಗೇ ಬಾ.”

“ಮೀನ್ ತಕಂಡ್ ಬತ್ತೆ. ಮನೆಯನ್ನೂ ಹೊತ್ಕಂಡ್ ಬರ್ಕಾ? ಎದುರಿಗೆ ಮರಳಿಲ್ದಿರೆ ಅಲೆ ಗೋಡೆಗೇ ಬಡಿತ್ತ್!”

“ನನ್ನ ಅಂಗಳವನ್ನ ತೆಂಕೂರವ್ರ್ ಹಿಂಗೇ ಹಿಡ್ಕಂಡ್ ಕೂಕಂಡಿರ್. ಇದನ್ನೂ ಬಿಟ್ರೆ ನನ್ನ ಮನೆ ಉಳಿತ್ತಾ?”

ಸಿಟ್ಟಿನಿಂದ ಲಚ್ಚು ಕಟ್ಟೆಯ ಒಂದು ಕಲ್ಲನ್ನು ಕಿತ್ತಳು. ಪದ್ದನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇನ್ನೊಂದನ್ನು ಕೀಳಲು ಲಚ್ಚುವಿಗೆ ಕೈ ಬರಲಿಲ್ಲ. ಕಿತ್ತದ್ದನ್ನು ಮತ್ತೆ ಅಲ್ಲಿಡಲು ಮನಸ್ಸೂ ಬರಲಿಲ್ಲ. ಅದನ್ನೇ ತಲೆಯ ಮೇಲಿಟ್ಟುಕೊಂಡು ಊರಿಗೆ ಬಂದಳು.

ಮಳೆಗಾಲದಿಂದ ಅವಳ ಮನೆಯೆದುರು ಇದ್ದದ್ದು ಉತ್ತರದೂರಿನ ತಂಗಿ ದುಗ್ಗಿಯ ಅಂಗಳ. ಅದು ನಿನ್ನೆಯಷ್ಟೇ ದುಗ್ಗಿಯ ಮನೆಯ ದಾರಿ ಹಿಡಿದಿತ್ತು. ಅರ್ಧಕ್ಕರ್ಧ ಆಗಲೇ ದಾಟಿಹೋಗಿತ್ತು. ಲಚ್ಚು ಸೊಂಟದವರೆಗೆ ನೀರಿಗಿಳಿದು, ಉಳಿದ ಮರಳಿಗೆ ಅಡ್ಡವಾಗಿ ಕಲ್ಲನ್ನಿಟ್ಟಳು. ಆಮೇಲೆ ಇನ್ನೊಂದು ಕಲ್ಲು ಹುಡುಕತೊಡಗಿದಳು.