ಸುಲಭ, ಮಧ್ಯಮ, ಕಠಿಣ

ಯಾವ ಮಗುವಿನ ಟ್ಯಾಬ್‌ನಲ್ಲಿ ಯಾವ ಪಾಠ ತೆರೆದಿದೆ ಎಂದು ತೋರಿಸುವ ಲ್ಯಾಪ್‌ಟಾಪಿನ ಪರದೆ ನೋಡಿ ಭೌತಶಾಸ್ತ್ರದ ಟೀಚರ್ ಹೌಹಾರಿದರು. ತರಗತಿಗೇ ಮೊದಲಿಗಳಾದ ಮಿಂಚು ‘ಸುಲಭ’ ಪಾಠ ತೆರೆದುಕೊಂಡು ಕೂತಿದ್ದಾಳೆ. ಈ ವಿಷಯದಲ್ಲಿ ಒಮ್ಮೆಯೂ ಪಾಸಾಗದ ಕೊನೆಯ ಬೆಂಚಿನ ಹುಡುಗ, ಎಲ್ಲರ ಬಾಯಲ್ಲೂ ‘ಕಂಬ’, ‘ಕಠಿಣ’ದಲ್ಲಿ ಮುಳುಗಿದ್ದಾನೆ. ಟ್ಯಾಬ್‌ಗಳೇ ಕೆಟ್ಟವೋ, ತಾನೇ ಏನಾದರೂ ಎಡವಟ್ಟು ಮಾಡಿದೆನೋ? ಎಡವಟ್ಟು ಎಂದರೆ ಅವರಿಗೆ ಮೊದಲು ತಮ್ಮ ಮೇಲೇ ಅನುಮಾನ.

ಘರ್ಷಣೆಯ ಪಾಠವನ್ನು ಮಕ್ಕಳ ಶಕ್ತಿಗೆ ತಕ್ಕಂತೆ ಮೂರು ಥರ ಮಾಡಿ ಹಾಕಿದ್ದರು. ಪರದೆಯ ಮೇಲಿನ ಇಳಿಜಾರನ್ನು ಬೆರಳಿನಿಂದ ಎತ್ತಿದರೆ ಇಟ್ಟಿಗೆ ಜಾರುತ್ತದೆ; ಸುಲಭದಲ್ಲಿ ಅಷ್ಟೇ, ಕಠಿಣದಲ್ಲಿ ಬಾಣ, ಕೋನ, ಲೆಕ್ಕ ಎಲ್ಲವೂ. ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿ ನೋಡಲು ಬರುವವರಿದ್ದರು. ಪ್ರಯೋಜನ ಕಾಣದಿದ್ದರೆ ಟ್ಯಾಬ್‌ಗಳೆಲ್ಲ ಪಕ್ಕದ ತರಗತಿಗೆ ಎಂದು ಆಗಲೇ ಹೇಳಿಬಿಟ್ಟಿದ್ದರು.

ಟೀಚರ್ ಕೊನೆಯ ಬೆಂಚಿಗೆ ಹೋಗಿ ಬಗ್ಗಿ ಪಿಸುಗುಟ್ಟಿದರು. “ಏನೋ ಕಂಬ, ನಿನಗೆ ಅಂತಲೇ ಸುಲಭದ್ದು ಮಾಡಿದ್ದೆನಲ್ಲೋ!”

“ಅದನ್ನ ಒತ್ತಿದ್ರೆ ಇವನು ಊರಿಗೆಲ್ಲಾ ಡಂಗುರ ಹೊಡೀತಾನೆ ಮಿಸ್.” ಕಂಬ ಪಕ್ಕದವನತ್ತ ಕಣ್ಣು ತೋರಿಸಿದ.

“ಹೋಗಲಿ, ಕಠಿಣದ್ದು ಅರ್ಥ ಆಯ್ತಾ?”

“ಒಂದಕ್ಷರಾನೂ ಇಲ್ಲ ಮಿಸ್. ಮರ್ಯಾದೆ ಮಾತ್ರ ಉಳೀತು.”

ಟೀಚರಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ. ಮಿಂಚುವಿನ ಬಳಿ ಬಂದರು. “ನೀನ್ಯಾಕಮ್ಮ ಸುಲಭದ್ದು ಒತ್ತಿದೆ?”

“ಕಠಿಣದಲ್ಲಿ ತಪ್ಪಾದ್ರೆ ಕೆಂಪು ಬರುತ್ತೆ ಮಿಸ್. ನನಗೆ ಕೆಂಪು ಬಂತು ಅಂದ್ರೆ ಇವರೆಲ್ಲ ಕುಣಿದಾಡಿಬಿಡ್ತಾರೆ.”

ಅಂದು ಟೀಚರ್ ಊಟದ ಡಬ್ಬಿ ಬಿಚ್ಚಲೇ ಇಲ್ಲ. ಮೂರೂ ಹೆಸರು ಅಳಿಸಿ, ಅವುಗಳ ಜಾಗದಲ್ಲಿ ಏಣಿ, ಚಕ್ರ, ಜಾರುಬಂಡೆಯ ಚಿತ್ರ ಇಟ್ಟರು. ಕೆಂಪು ಗುರುತು ತೆಗೆದು ‘ಇನ್ನೊಮ್ಮೆ ನೋಡು’ ಎಂದು ಬರೆದರು. ಇದೂ ಕೈಕೊಟ್ಟರೆ ಎಂಬ ಭಯದಲ್ಲಿ ಪ್ರತಿಯೊಂದನ್ನೂ ಎರಡೆರಡು ಸಲ ಒತ್ತಿ ನೋಡಿದರು.

ಮಧ್ಯಾಹ್ನ ಕೋಣೆ ಸಂತೆಯಾಯಿತು. ಯಾವುದು ಯಾರದ್ದೆಂದು ಗೊತ್ತಿಲ್ಲದೆ ಎಲ್ಲರೂ ಎಲ್ಲವನ್ನೂ ಒತ್ತುತ್ತಿದ್ದರು.

“ಲೇ ಮಿಂಚು, ನನ್ನ ಇಟ್ಟಿಗೆ ಜಾರ್ತಾನೇ ಇಲ್ವಲ್ಲೇ!”

“ಇನ್ನೂ ಎತ್ತೋ, ಘರ್ಷಣೆ ಹಿಡ್ಕೊಂಡಿದೆ. ತಡಿ, ನನ್ನದು ಯಾಕೆ ಇಷ್ಟು ಬೇಗ ಬಿತ್ತು?”

“ನಿಂದು ನುಣ್ಣಗಿದೆ ಕಣೇ. ಮೇಲೆ ಬರೆದಿದೆ ನೋಡು!” ಕಂಬನ ದನಿ ಅಷ್ಟು ಜೋರಾಗಿ ಆ ಕೋಣೆಯಲ್ಲಿ ಎಂದೂ ಕೇಳಿರಲಿಲ್ಲ.

ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ನಿಂತಿದ್ದರು, ಕೈಯಲ್ಲಿ ಖಾಲಿ ರಟ್ಟಿನ ಡಬ್ಬ. ಟ್ಯಾಬ್‌ಗಳನ್ನು ತುಂಬಿಕೊಂಡು ಹೋಗಲೆಂದೇ ತಂದದ್ದು.

“ಇದೇನು ಗದ್ದಲ? ಪಾಠ ಎಲ್ಲಿದೆ?”

“ಇಲ್ಲೇ ಇದೆ, ಬನ್ನಿ ಮೇಡಂ,” ಎಂದು ಕಂಬ ತಾನೇ ಸರಿದು ಜಾಗ ಬಿಟ್ಟು, ಟ್ಯಾಬ್ ಮುಂದಕ್ಕೆ ತಳ್ಳಿದ.

ಜೀವಮಾನವಿಡೀ ವ್ಯಾಕರಣ ಕಲಿಸಿದ ಮುಖ್ಯೋಪಾಧ್ಯಾಯಿನಿ ಡಬ್ಬವನ್ನು ನೆಲಕ್ಕಿಟ್ಟು ಕೂತರು. ಬೆರಳು ಏಣಿಯ ಮೇಲೆ ಹೋಯಿತು, ಚಕ್ರದ ಮೇಲೆ ಹೋಯಿತು, ಯಾವುದನ್ನೂ ಮುಟ್ಟದೆ ಹಿಂದೆ ಬಂತು. ಕಂಬನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

“ಇದರಲ್ಲಿ ಸುಲಭವಾದ್ದು ಯಾವುದಪ್ಪಾ?”

“ಯಾವುದಾದ್ರೂ ಒತ್ತಿ ಮೇಡಂ, ಯಾರೂ ನೋಡಲ್ಲ,” ಎಂದ ಕಂಬ.

ತರಗತಿಯ ಅಷ್ಟೂ ತಲೆಗಳು ಒಮ್ಮೆಲೇ ಕಿಟಕಿಯ ಕಡೆ ತಿರುಗಿದವು.